ಹಾಡಹಗಲೇ ಲೈಟ್ ಯಾಕ್ರೀ?

2017ರ ಬೇಸಿಗೆ ನೆನಪಿದೆಯಾ? ನಮ್ಮ ರಬಕವಿ-ಬನಹಟ್ಟಿ ಕಡೆ ಹೊಸ ಬೈಕ್ ತಗೊಂಡು ರಸ್ತೆಗಿಳಿದರೆ ಸಾಕು, ಎದುರು ಬಂದವರೆಲ್ಲ ಬೆರಳು ಬಿಚ್ಚಿ ಮುಚ್ಚಿ ಸನ್ನೆ ಮಾಡ್ತಿದ್ದರು. "ಅಣ್ಣಾ, ಲೈಟ್ ಚಾಲೂ ಐತಿ ನೋಡು!" ಆರಿಸೋಣ ಅಂದ್ರೆ ಸ್ವಿಚ್ಚೇ ಇಲ್ಲ. ಆ ವರ್ಷ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಶುರುವಾದ ಕೂಡಲೇ ಹೆಡ್‌ಲೈಟ್ ತಾನಾಗೇ ಹೊತ್ತಿಕೊಳ್ಳಬೇಕು ಅನ್ನೋ ನಿಯಮ ಬಂತು. ಕಾರುಗಳಿಗೆ ಆ ನಿಯಮ ಇರಲಿಲ್ಲ. ಆದರೂ ಈಗ ಎಷ್ಟೋ ಕಾರುಗಳ ಮುಂದೆ ಹಗಲಲ್ಲೇ ಬಿಳಿ ಪಟ್ಟಿಯಂಥ ದೀಪ ಉರಿಯುತ್ತೆ. ಅದೇ ಡಿಆರ್‌ಎಲ್.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಈ ದೀಪ ಇರೋದು ನಮಗೆ ರಸ್ತೆ ಕಾಣಲಿ ಅಂತಲ್ಲ. ಬೇರೆಯವರಿಗೆ ನಾವು ಕಾಣಲಿ ಅಂತ.

ಇದರ ಕಥೆ ಶುರುವಾಗಿದ್ದು ಉತ್ತರ ಯುರೋಪಿನಲ್ಲಿ. ಅಲ್ಲಿ ಚಳಿಗಾಲದಲ್ಲಿ ಸೂರ್ಯ ಮೇಲೇರೋದೇ ಅಪರೂಪ, ಮಬ್ಬು ಜಾಸ್ತಿ. ಫಿನ್ಲೆಂಡ್ 1972ರಲ್ಲಿ ಊರ ಹೊರಗಿನ ರಸ್ತೆಗಳಲ್ಲಿ ಚಳಿಗಾಲಕ್ಕೆ ಹಗಲು ದೀಪ ಕಡ್ಡಾಯ ಮಾಡಿತು. ಸ್ವೀಡನ್ 1977ರಲ್ಲಿ ವರ್ಷವಿಡೀ ಹಚ್ಚಿ ಅಂದಿತು. ಕೆನಡಾ 1989ರ ಕೊನೆಗೆ ಹೊಸ ವಾಹನಗಳಿಗೆ ಇದನ್ನು ತಂದಿತು. 2011ರಲ್ಲಿ ಯುರೋಪಿಯನ್ ಒಕ್ಕೂಟ ಹೊಸ ಮಾದರಿಯ ಕಾರುಗಳಿಗೆ ಕಡ್ಡಾಯ ಮಾಡಿತು.

ಸರಿ, ಇದರಿಂದ ಅಪಘಾತ ಕಡಿಮೆ ಆಯ್ತಾ? ನಾರ್ವೆಯ ಸಂಶೋಧಕ ರೂನೆ ಎಲ್ವಿಕ್ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿ, ದೀಪ ಹಚ್ಚಿದ ಕಾರುಗಳು ಹಗಲಲ್ಲಿ ಬೇರೆಯವರಿಗೆ ಡಿಕ್ಕಿಯಾಗೋದು ಶೇ. 10ರಿಂದ 15ರಷ್ಟು ಕಡಿಮೆ ಅಂತ 1996ರಲ್ಲಿ ಹೇಳಿದರು. ಆದರೆ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯ 2008ರ ವರದಿಯಲ್ಲಿ ಒಟ್ಟಾರೆ ಸ್ಪಷ್ಟ ಲಾಭ ಕಾಣಲಿಲ್ಲ. ಆಸ್ಟ್ರಿಯಾ 2005ರಲ್ಲಿ ಕಡ್ಡಾಯ ಮಾಡಿ 2008ರಲ್ಲಿ ಕೈಬಿಟ್ಟಿತು. ಎಲ್ಲ ಕಾರುಗಳೂ ಹೊಳೆಯತೊಡಗಿದರೆ ನಡುವೆ ಬರೋ ಬೈಕು, ಸೈಕಲ್ಲು, ನಡೆದು ಹೋಗೋರು ಕಣ್ಣಿಗೇ ಬೀಳಲ್ಲ ಅನ್ನೋದು ವಿರೋಧಿಗಳ ವಾದ.

ನಮ್ಮ ಸುಡುಬಿಸಿಲಿಗೆ ಇದು ಬೇಕಾ ಅಂತ ಕೇಳಬಹುದು. ಮಲೇಷ್ಯಾ ನೋಡಿ. ಅಲ್ಲೂ ಬಿಸಿಲು, ಅಲ್ಲೂ ಬೈಕುಗಳದೇ ರಾಜ್ಯ. 1992ರಲ್ಲಿ ಬೈಕುಗಳಿಗೆ ಹಗಲು ದೀಪ ಕಡ್ಡಾಯ ಮಾಡಿದ ಮೇಲೆ, ಬೈಕ್ ಕಣ್ಣಿಗೆ ಬೀಳದೆ ಆಗುವ ಅಪಘಾತಗಳು ಸುಮಾರು ಶೇ. 29ರಷ್ಟು ಇಳಿದವು ಅಂತ ಅಲ್ಲಿನ ಅಧ್ಯಯನ ಹೇಳಿತು. ಭಾರತದಲ್ಲಿ 2022ರಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದವರು 1,68,491 ಮಂದಿ. ಅವರಲ್ಲಿ ನೂರಕ್ಕೆ ನಲವತ್ನಾಲ್ಕು ಜನ ದ್ವಿಚಕ್ರ ವಾಹನದವರು. ಹಾಗಾಗಿ ನಮ್ಮ ಸರ್ಕಾರ ಬೈಕಿನಿಂದಲೇ ಶುರು ಮಾಡಿದ್ದು ಸರಿ ಅಂತಲೇ ನನ್ನ ಲೆಕ್ಕ.

ಆದರೆ ನಮ್ಮ ಕಡೆ ಇನ್ನೊಂದು ಲೆಕ್ಕ ಇದೆ. ಕಬ್ಬಿನ ಹಂಗಾಮು ಬಂತಂದ್ರೆ ಜಮಖಂಡಿ, ಮುಧೋಳ, ಮಹಾಲಿಂಗಪುರ, ಸಮೀರವಾಡಿ ರಸ್ತೆ ತುಂಬ ಎರಡೆರಡು ಟ್ರೇಲರ್ ಎಳೆಯೋ ಟ್ರ್ಯಾಕ್ಟರುಗಳು. ಎಷ್ಟೋ ಟ್ರೇಲರಿಗೆ ಹಿಂದೆ ದೀಪವೇ ಇಲ್ಲ. ಇದ್ದರೂ ಜೋತುಬಿದ್ದ ಕಬ್ಬು ಅದನ್ನು ಮುಚ್ಚಿರುತ್ತೆ. ಮುಂದಿನ ದೀಪ ಎಷ್ಟೇ ಹೊಳೆದರೂ ಹಿಂದಿನಿಂದ ಬರೋ ಬೈಕಿನವನಿಗೆ ಏನು ಉಪಯೋಗ?

ಕಾರಿನ ಡಿಆರ್‌ಎಲ್‌ನಲ್ಲೂ ಇದೇ ತೊಡಕು. ಬಹಳಷ್ಟು ಕಾರುಗಳಲ್ಲಿ ಅದು ಉರಿಯೋದು ಮುಂದೆ ಮಾತ್ರ. ಯುರೋಪಿನ ನಿಯಮವೂ ಹಿಂದಿನ ದೀಪ ಕೇಳಲ್ಲ. ಮುಸ್ಸಂಜೆಯಲ್ಲಿ ಮೀಟರ್ ಹೊಳೀತಿರುತ್ತೆ, ಮುಂದೆ ಸ್ವಲ್ಪ ಬೆಳಕೂ ಇರುತ್ತೆ. ಲೈಟ್ ಹಚ್ಚಿದ್ದೀನಿ ಅಂದುಕೊಂಡೇ ಡ್ರೈವರ್ ಹೋಗ್ತಾನೆ. ಹಿಂದೆ ಪೂರ್ತಿ ಕತ್ತಲು.

ಐವತ್ತು ವರ್ಷದ ಈ ಇತಿಹಾಸದಿಂದ ನಾನು ತಗೊಂಡಿದ್ದು ಇಷ್ಟು: ಎದುರಿನವರಿಗೆ ಕಾಣೋದರಿಂದ ಜೀವ ಉಳಿಯುತ್ತೆ, ಆದರೆ ಅದು ಅರ್ಧ ಕೆಲಸ ಮಾತ್ರ. ಹೊತ್ತು ಇಳಿದ ಕೂಡಲೇ ಹೆಡ್‌ಲೈಟ್ ಸ್ವಿಚ್ ನೀವೇ ಹಾಕಿ. ಮನೆಯಲ್ಲಿ ಟ್ರ್ಯಾಕ್ಟರ್ ಇದ್ದರೆ, ಹಂಗಾಮು ಶುರುವಾಗೋ ಮೊದಲು ಟ್ರೇಲರ್ ಹಿಂದೆ ಕೆಂಪು ರೇಡಿಯಂ ಪಟ್ಟಿ ಅಂಟಿಸಿ, ಕಬ್ಬು ಅದನ್ನು ಮುಚ್ಚದ ಹಾಗೆ ನೋಡ್ಕೊಳ್ಳಿ.