ನೀಲಿ ಕಾಗದದಲ್ಲಿ ಉಳಿದ ಹೂಗಳು

ನಮ್ಮಜ್ಜಿ ಹೊಲಿದ ಕೌದಿ ಹರಿದು ಹೋದಾಗ ಅಂಥದ್ದೇ ಇನ್ನೊಂದು ಹೊಲಿಸೋಣ ಅಂದುಕೊಂಡೆವು. ಆಗಲಿಲ್ಲ. ಅದರ ಅಳತೆ, ವಿನ್ಯಾಸ ಎಲ್ಲಾ ಅಜ್ಜಿಯ ಕೈಯಲ್ಲಿತ್ತು, ಅಜ್ಜಿಯ ಜೊತೆಗೇ ಹೋಯಿತು. ಅಮೆರಿಕದ ಮೇರಿ ವೆಬ್‌ಸ್ಟರ್ ಬಗ್ಗೆ ಓದುವಾಗ ಇದೇ ನೆನಪಾಗುತ್ತಿತ್ತು.

ಕ್ವಿಲ್ಟ್ ಅಂದರೆ ಅವರ ಕೌದಿ ಅನ್ನಿ. ಮೇಲೊಂದು ಬಟ್ಟೆ, ಕೆಳಗೊಂದು ಬಟ್ಟೆ, ನಡುವೆ ಹತ್ತಿಯ ಪದರ, ಮೂರನ್ನೂ ಹಿಡಿದಿಡುವ ಸಣ್ಣ ಸಣ್ಣ ಹೊಲಿಗೆ. ಮೇರಿ ಹುಟ್ಟಿದ್ದು 1859ರಲ್ಲಿ. ಇಂಡಿಯಾನಾ ರಾಜ್ಯದ ಮೇರಿಯನ್ ಎಂಬ ಊರಿನ ಗೃಹಿಣಿ. ತನ್ನದೇ ವಿನ್ಯಾಸದ ಕ್ವಿಲ್ಟ್ ಶುರು ಮಾಡಿದ್ದು 1909ರಲ್ಲಿ, ಐವತ್ತು ವರ್ಷವಾದ ಮೇಲೆ! 1911ರ ಜನವರಿಯಲ್ಲಿ 'ಲೇಡೀಸ್ ಹೋಮ್ ಜರ್ನಲ್' ಆಕೆಯ ನಾಲ್ಕು ಕ್ವಿಲ್ಟ್‌ಗಳನ್ನು ಬಣ್ಣದಲ್ಲಿ ಅಚ್ಚು ಹಾಕಿತು. ಗುಲಾಬಿ, ಐರಿಸ್, ಗಾಳಿಗೆ ಬಾಗಿದ ಟುಲಿಪ್, ಹಿಮದ ಹರಳು. ತಿಳಿ ಬಣ್ಣಗಳು, ಸುತ್ತ ಧಾರಾಳ ಖಾಲಿ ಜಾಗ. ನೋಡಿದವರೆಲ್ಲ ನಮೂನೆ ಕೇಳತೊಡಗಿದರು.

ಆಕೆ ಮನೆಯಿಂದಲೇ ನಮೂನೆ ಕಳಿಸಲು ಶುರು ಮಾಡಿದರು. ಬೆಲೆ 50 ಸೆಂಟ್. ಹೂವು, ಎಲೆಗಳ ಪೂರ್ತಿ ಅಳತೆಯ ಚಿತ್ರ ಬ್ಲೂಪ್ರಿಂಟ್‌ನಲ್ಲಿರುತ್ತಿತ್ತು. ಹೌದು, ಎಂಜಿನಿಯರುಗಳು ಮನೆಯ ನಕ್ಷೆಗೆ ಬಳಸುತ್ತಿದ್ದ ಅದೇ ನೀಲಿ ಕಾಗದ! ಯಾವ ತುಂಡು ಎಲ್ಲಿ ಕೂರಬೇಕು ಅಂತ ತೋರಿಸಲು ತೆಳು ಟಿಶ್ಯೂ ಕಾಗದ ಬೇರೆ. 1915ರಲ್ಲಿ ಆಕೆ ಬರೆದ ಪುಸ್ತಕ ಅಮೆರಿಕದಲ್ಲಿ ಕ್ವಿಲ್ಟ್‌ಗಳ ಬಗ್ಗೆಯೇ ಬಂದ ಮೊದಲ ಪುಸ್ತಕ. 1921ರಲ್ಲಿ ಇಬ್ಬರು ಗೆಳತಿಯರ ಜೊತೆ ಕಂಪನಿಯನ್ನೂ ಕಟ್ಟಿದರು.

ಹಾಗಾಗಿ ಇವತ್ತೂ ಆಕೆಯ ಗುಲಾಬಿಯನ್ನು ಮತ್ತೆ ಹೊಲಿಯಬಹುದು. ಬ್ಲೂಪ್ರಿಂಟ್‌ನ ಆಕಾರವನ್ನು ರಟ್ಟಿಗೆ ಇಳಿಸಬೇಕು. ಬಟ್ಟೆ ಕತ್ತರಿಸುವಾಗ ಸುತ್ತ ಕಾಲು ಇಂಚು ಬಿಟ್ಟು, ಆ ಅಂಚನ್ನು ಒಳಕ್ಕೆ ಮಡಿಸಿ, ಹೊಲಿಗೆ ಕಾಣದ ಹಾಗೆ ಕೂರಿಸಬೇಕು. ಎಲೆಯ ಚೂಪು ತುದಿ, ದಳದ ಒಳಬಾಗು, ಇವೆರಡು ಕಡೆ ಕೈ ಸೋಲುತ್ತದೆ. ಕಾಗದ ಅಲ್ಲಿಗೆ ಸಹಾಯ ಮಾಡುವುದಿಲ್ಲ.

ಬಣ್ಣದ್ದು ಇನ್ನೊಂದು ತಲೆನೋವು. ಹಳೆಯ ಕ್ವಿಲ್ಟ್ ಬಿಸಿಲಿಗೆ, ಒಗೆತಕ್ಕೆ ಮಾಸಿರುತ್ತದೆ. ಈಗ ಕಾಣುವ ಬಣ್ಣ ಹಾಕಬೇಕೋ, ಆಕೆ ಆರಿಸಿದ್ದ ಬಣ್ಣವೋ? ನನ್ನನ್ನು ಕೇಳಿದರೆ ಎರಡನೆಯದೇ ಸರಿ. ಮಾಸಿದ್ದು ಕಾಲದ ಕೆಲಸ, ಆಕೆಯದ್ದಲ್ಲವಲ್ಲ.

ಮೇರಿ ತೀರಿಕೊಂಡದ್ದು 1956ರಲ್ಲಿ. ಮೇರಿಯನ್‌ನಲ್ಲಿದ್ದ ಆಕೆಯ ಮನೆ 1993ರಲ್ಲಿ ರಾಷ್ಟ್ರೀಯ ಸ್ಮಾರಕವಾಯಿತು. 2004ರಲ್ಲಿ ಅಲ್ಲೇ ಕ್ವಿಲ್ಟರ್ಸ್ ಹಾಲ್ ಆಫ್ ಫೇಮ್ ಬಾಗಿಲು ತೆರೆಯಿತು. ಆಕೆಗಿಂತ ಚೆನ್ನಾಗಿ ಹೊಲಿದವರು ಎಷ್ಟೋ ಜನ ಇದ್ದಿರಬೇಕು. ಆಕೆ ಹೊಲಿದದ್ದನ್ನು ಅಳತೆ ಸಮೇತ ಕಾಗದಕ್ಕಿಳಿಸಿದರು, ಕೆಳಗೆ ತನ್ನ ಹೆಸರು ಹಾಕಿದರು. ಉಳಿದದ್ದು ಅದರಿಂದ.

ನಿಮ್ಮ ಮನೆಯಲ್ಲಿ ಹಳೆಯ ಕೌದಿ ಇದೆಯೇ? ಅದು ಹರಿಯುವ ಮೊದಲೇ ಅಳತೆ ತೆಗೆದು ಬರೆದಿಡಿ. ಹೊಲಿದವರ ಹೆಸರನ್ನೂ ಬರೆಯಿರಿ.