ಹರಿದ್ರೆಯ ಸಂಸ್ಕಾರವೂ ಸಂರಕ್ಷಣೆಯೂ

ಔಷಧದ್ರವ್ಯವನ್ನು ಸಂಗ್ರಹಿಸಿದ ಮೇಲೆ ಕಾಪಾಡುವ ಕ್ರಮವನ್ನು ಚರಕಸಂಹಿತೆಯ ಕಲ್ಪಸ್ಥಾನದ ಪ್ರಥಮಾಧ್ಯಾಯವು ವಿಧಿಸಿದೆ. ನೀರು, ಹೊಗೆ, ಧೂಳು, ಇಲಿಗಳು ಸೋಂಕದ ಮನೆಯಲ್ಲಿ, ಪಾತ್ರೆಯನ್ನು ಚೆನ್ನಾಗಿ ಮುಚ್ಚಿ, ಸಿಕ್ಕದಲ್ಲಿ ತೂಗಿಡಬೇಕು. ವರ್ಷ ಕಳೆದರೆ ದ್ರವ್ಯವೂ, ಎರಡು ತಿಂಗಳು ಕಳೆದರೆ ಚೂರ್ಣವೂ ಹೀನವಾಗುವುದೆಂದು ಶಾರ್ಙ್ಗಧರನ ಮತ.

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಅರಿಸಿನದ ಒಕ್ಕಲಿಗರ ಪದ್ಧತಿಯು ಮೇಲ್ನೋಟಕ್ಕೆ ಇದಕ್ಕೆ ವಿರುದ್ಧವಾಗಿ ತೋರುವುದು. ಅವರು ಕೊಂಬುಗಳನ್ನು ಗಡ್ಡೆಯಿಂದ ಬೇರ್ಪಡಿಸಿ ನೀರಿನಲ್ಲಿಯೇ ಕುದಿಸುವರು. ಆದರೆ ಅದರಿಂದ ಮೊಳೆಯುವ ಶಕ್ತಿ ಅಡಗಿ, ಬಣ್ಣವು ಒಳಗೆಲ್ಲ ಸಮನಾಗಿ ಹರಡಿ, ಕೊಂಬು ಬೇಗನೆ ಒಣಗುವುದು. ಹತ್ತು ಹದಿನೈದು ದಿನಗಳ ಬಿಸಿಲಿನ ಬಳಿಕ, ಮುರಿದಾಗ ಲೋಹದಂಥ ನಾದ ಬಂದರೆ ಒಣಗಿತೆಂದು ತಿಳಿದು, ತಿಕ್ಕಿ ಮೆರುಗು ಕೊಡುವರು.

ಈ ಸೀಮೆಯ ಸರಕು ಸಾಗುವ ಸಾಂಗಲಿಯ ಪೇಟೆಗೆ ಸಮೀಪದ ಹರಿಪುರದಲ್ಲಿ ಅರಿಸಿನವನ್ನು ಪೇವುಗಳಲ್ಲಿ, ಎಂದರೆ ನಮ್ಮ ಹಗೇವಿನಂಥ ನೆಲದೊಳಗಿನ ಕುಳಿಗಳಲ್ಲಿ, ವರ್ಷಗಟ್ಟಲೆ ಇಡುತ್ತಿದ್ದರು. ಸಿಕ್ಕವು ಮೇಲೆ, ಪೇವು ಕೆಳಗೆ; ಉದ್ದೇಶವು ಮಾತ್ರ ಒಂದೇ. ಆದರೂ ಬಣ್ಣ ಉಳಿದ ಮಾತ್ರಕ್ಕೆ ವೀರ್ಯವೂ ಉಳಿಯಿತೆನ್ನಲಾಗದು. ವರ್ತಕನ ಪರೀಕ್ಷೆ ಬೇರೆ, ವೈದ್ಯನ ಪರೀಕ್ಷೆ ಬೇರೆ. 2005ರ ಕೃಷ್ಣಾ ಪ್ರವಾಹದಲ್ಲಿ ಪೇವುಗಳಿಗೆ ನೀರು ನುಗ್ಗಿ ಅನೇಕವು ಹಾಳಾದವು. ಶಾಸ್ತ್ರಕಾರನು ಎಚ್ಚರಿಸಿದ ಶತ್ರುವೇ ಅದು.

ಈಗ ಹಬೆಯ ಯಂತ್ರಗಳೂ ತಿರುಗುವ ಪೀಪಾಯಿಗಳೂ ಬಂದಿವೆ. ಹಗೇವು ಮರೆಯಾದೊಡನೆ ಆ ಶಬ್ದದ ಅರ್ಥವೂ ಮಸುಕಾಗುವುದು. ವೈದ್ಯಗ್ರಂಥಗಳನ್ನು ಪಾಠಹೇಳುವವರು ಕೋಶದೊಂದಿಗೆ ಕಣವನ್ನೂ ನೋಡಿ, ಒಕ್ಕಲಿಗರ ಬಾಯಲ್ಲಿರುವ ಪದಗಳನ್ನು ಈಗಲೇ ಬರೆದಿಡುವುದು ಅವಶ್ಯಕರ್ತವ್ಯ.