ಚೆಂಡಿನ ಮೈಲಿಗೆ

ಹುಡುಗರಿಗಾಗಿ ಒಂದು ಕಾಲ್ಚೆಂಡಿನ ಸ್ಪರ್ಧೆ ಏರ್ಪಡಿಸುವುದು ಈಗ ಅಂಥ ದೊಡ್ಡ ಸಾಹಸವೇನಲ್ಲ. ಒಂದು ಬಯಲು, ನಾಲ್ಕು ಕಂಬ, ಗೆರೆ ಎಳೆಯಲು ಒಂದಿಷ್ಟು ಸುಣ್ಣ, ಸೀಟಿ ಊದಲು ಒಬ್ಬ ಮಾಸ್ತರು, ಗೆದ್ದವರ ಕೈಗಿಡಲು ಒಂದು ಬಟ್ಟಲು, ಇಷ್ಟಾದರೆ ಸಾಕು. ಚೆಂಡನ್ನು ಕಾಲಿನಿಂದ ಅಗಲಗೊಡದೆ ಸಾಲುಗೂಟಗಳ ನಡುವೆ ಯಾರು ಬೇಗ ನುಸುಳಿ ಬರುತ್ತಾರೆ, ಯಾರು ಗುರಿ ತಪ್ಪದೆ ಒದೆಯುತ್ತಾರೆ ಎಂದು ನೋಡಿ ಅಂಕ ಕೊಡುವ ಕೌಶಲ್ಯದ ಪಂದ್ಯಗಳೂ ಬಡಾವಣೆಗಳಲ್ಲಿ ನಡೆಯುವುದುಂಟು. ವ್ಯವಸ್ಥಾಪಕರನ್ನು ಕಾಡುವ ಚಿಂತೆಗಳೆಂದರೆ ಮಳೆ, ಚಂದಾ, ಮತ್ತು ವಯಸ್ಸನ್ನು ಮುಚ್ಚಿಟ್ಟು ಬರುವ ಮೀಸೆ ಮೂಡಿದ 'ಬಾಲಕರು'. ಚೆಂಡು ಯಾವುದರಿಂದ ಮಾಡಿದ್ದು, ಒದೆಯುವ ಹುಡುಗ ಯಾರ ಮಗ ಎಂಬ ಪ್ರಶ್ನೆಗಳು ಅರ್ಜಿಯ ಹಾಳೆಯಲ್ಲಿ ಇರುವುದಿಲ್ಲ. ಆದರೆ ಈ ಎರಡು ಪ್ರಶ್ನೆಗಳೂ ಒಂದು ಕಾಲದಲ್ಲಿ ನಮ್ಮ ದೇಶದ ಹುಡುಗರ ಆಟಕ್ಕೆ ಅಡ್ಡ ನಿಂತಿದ್ದುವು. ಮೊದಲನೆಯದು ಎದ್ದದ್ದು ಶ್ರೀನಗರದಲ್ಲಿ, ಎರಡನೆಯದು ಕಲ್ಕತ್ತೆಯಲ್ಲಿ.

ಶ್ರೀನಗರದ ಸಂಗತಿ 1891ರದು. ಅದರ ಹಿಂದಿನ ವರ್ಷ ಸೆಸಿಲ್ ಟಿಂಡೇಲ್-ಬಿಸ್ಕೋ ಎಂಬ ಇಂಗ್ಲಿಷ್ ಪಾದ್ರಿ ಅಲ್ಲಿಯ ಮಿಷನ್ ಶಾಲೆಗೆ ಬಂದಿದ್ದ. ಆಳು ಸಣ್ಣವನು, 1884ರಲ್ಲಿ ಆಕ್ಸ್‌ಫರ್ಡಿನ ದೋಣಿಯನ್ನು ಹಿಂದೆ ಹಾಕಿದ ಕೇಂಬ್ರಿಜ್ ದೋಣಿಯ ಚುಕ್ಕಾಣಿ ಹಿಡಿದವನು. ಅವನ ಶಾಲೆಯ ಹುಡುಗರಲ್ಲಿ ಬಹುಮಂದಿ ಕಾಶ್ಮೀರಿ ಪಂಡಿತರ ಮನೆಯವರು. ಮೊಣಕಾಲಿನ ಕೆಳಗೂ ಇಳಿಬಿದ್ದ ಫೆರನ್ ನಿಲುವಂಗಿ, ಅದರೊಳಗೆ ಕೆಂಡ ತುಂಬಿದ ಕಾಂಗ್ಡಿ, ಕಾಲಿಗೆ ಮರದ ಹಾವುಗೆ, ಕಿವಿಯಲ್ಲಿ ಚಿನ್ನ, ಹಣೆಯಲ್ಲಿ ತಿಲಕ, ಹೀಗೆ ಬರುತ್ತಿದ್ದರು. ಓದು ಅವರಿಗೆ ಸರ್ಕಾರಿ ಕಚೇರಿಯ ಬಾಗಿಲು. ಮೈ ಬಗ್ಗಿಸುವುದು, ಓಡುವುದು, ದೋಣಿ ನಡೆಸುವುದು ಅಂಬಿಗರ ಮತ್ತು ಕೂಲಿಯವರ ಪಾಲಿನ ಕೆಲಸ. ತೋಳಿನಲ್ಲಿ ಮಾಂಸಖಂಡ ಉಬ್ಬಿದರೆ ಅದು ಕುಲಕ್ಕೇ ಕುಂದು ಎಂಬ ಭಾವನೆ. ನಮ್ಮ ಹಳೆಯ ಅಗ್ರಹಾರಗಳ ನೆನಪಿರುವವರಿಗೆ ಇದೇನೂ ಹೊಸ ಮಾತಾಗಿ ಕೇಳಿಸದು.

ಬಿಸ್ಕೋ ಆ ವರ್ಷ ಮದುವೆಯಾಗಿ ಹೆಂಡತಿಯೊಡನೆ ಕಾಶ್ಮೀರಕ್ಕೆ ಹಿಂದಿರುಗುವಾಗ ತೊಗಲಿನ ಚೆಂಡೊಂದನ್ನೂ ಜೊತೆಗೆ ತಂದ. ತರಗತಿಯಲ್ಲಿ ಅದನ್ನು ಎತ್ತಿ ತೋರಿಸಿದ. ಇದನ್ನು ಆಡಿದರೆ ದುಡ್ಡು ಬರುತ್ತದೆಯೇ ಎಂದು ಹುಡುಗರು ವಿಚಾರಿಸಿದರು. ಬರುವುದಿಲ್ಲವೆಂದಾಗ, ಹಾಗಾದರೆ ತಮಗೆ ಬೇಡವೆಂದರು. ಅನಂತರ, ಇದು ಯಾವುದರಿಂದ ಮಾಡಿದ್ದು ಎಂಬ ಪ್ರಶ್ನೆ ಬಂತು. ತೊಗಲು ಎಂದ ಕೂಡಲೇ ಎಲ್ಲರೂ ಹಿಂದೆ ಸರಿದರು. ಅವನೋ ಹಲಗೆಯ ಮೇಲೆ ಬಯಲಿನ ನಕ್ಷೆ ಬರೆದು, ಯಾರು ಎಲ್ಲಿ ನಿಲ್ಲಬೇಕೆಂದು ತೋರಿಸಿ, ಆ ದಿನವೇ ಮಧ್ಯಾಹ್ನ ಆಟವೆಂದು ಸಾರಿಬಿಟ್ಟ.

ಮಧ್ಯಾಹ್ನ ಹುಡುಗರನ್ನು ಮಂದೆಯಂತೆ ಬಯಲಿಗೆ ಹೊಡೆದುಕೊಂಡು ಹೋದರು. ಉಪಾಧ್ಯಾಯರ ಕೈಯಲ್ಲಿ ಕೋಲುಗಳಿದ್ದುವು. ಊರ ಜನ ಸುತ್ತ ನೆರೆದರು. ಸೀಟಿ ಊದಿತು, ಒಬ್ಬನೂ ಕದಲಲಿಲ್ಲ. ಬಿಸ್ಕೋ ಐದು ನಿಮಿಷದ ಗಡುವು ಕೊಟ್ಟು ಗಡಿಯಾರ ಹಿಡಿದು ನಿಂತ. ಕೊನೆಯ ಕ್ಷಣಗಳನ್ನು ಗಟ್ಟಿಯಾಗಿ ಎಣಿಸಿ ಮುಗಿಸಿದ ಮೇಲೆ ಕೋಲುಗಳು ಎದ್ದುವು. ಆಮೇಲಿನದು ಆಟವೋ ದೊಂಬಿಯೋ ಹೇಳುವುದು ಕಷ್ಟ. ಹಾವುಗೆಗಳು ಹಾರಿದುವು, ರುಮಾಲುಗಳು ಬಿಚ್ಚಿದುವು, ನಿಲುವಂಗಿಗಳು ಕಾಲಿಗೆ ತೊಡರಿದುವು. ನಡುವೆ ಒಂದು ಆರ್ತಸ್ವರ: ಚೆಂಡು ಒಬ್ಬನ ಮುಖಕ್ಕೆ ಬಡಿದಿತ್ತು. ನೋವಿಗಿಂತ ಮೈಲಿಗೆಯ ಭಯವೇ ದೊಡ್ಡದು. ಹುಡುಗರೆಲ್ಲ ಆಟ ಬಿಟ್ಟು ಅವನನ್ನು ಸುತ್ತುವರಿದು ಅಳತೊಡಗಿದರು. ಪಾದ್ರಿ, ಕಾಲುವೆಗೆ ಕರೆದುಕೊಂಡು ಹೋಗಿ ಮುಖ ತೊಳೆಸಿ ತನ್ನಿ ಎಂದ. ತೊಳೆಸಿ ತಂದರು. ಆಟ ಮತ್ತೆ ನಡೆಯಿತು.

ಈ ಕಥೆಯನ್ನು ಹೇಳಿದವನು ಬಿಸ್ಕೋ ತಾನೇ ಎಂಬುದನ್ನು ಮರೆಯಬಾರದು. ಅವನ ಹೇಳಿಕೆಯಲ್ಲಿ ವಿನೋದವಿದೆ. ಆ ವಿನೋದದೊಳಗೆ ಆಳುವ ಜನಾಂಗದ ತಾತ್ಸಾರವೂ ಇದೆ. ಕಾಲುವೆಯ ದಂಡೆಯಲ್ಲಿ ಮುಖ ತೊಳೆಸಿಕೊಂಡ ಹುಡುಗ ಇದನ್ನೇ ಬರೆದಿದ್ದರೆ ನಗು ಅಷ್ಟು ಸುಲಭವಾಗಿ ಬರುತ್ತಿರಲಿಲ್ಲ. ಕೋಲು ತೋರಿಸಿ ಆಡಿಸಿದ್ದು ಆಟವಾಗುವುದಿಲ್ಲ ಎಂದು ವಾದಿಸುವವರ ಪಕ್ಷವೇ ನನಗೆ ಸರಿಯೆನಿಸುತ್ತದೆ. ಆದರೂ ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಆ ಶಾಲೆಯ ಹುಡುಗರೇ ಮುಂದೆ ಝೇಲಂ ಉಕ್ಕಿದಾಗ ದೋಣಿ ನಡೆಸಿ ಜನರನ್ನು ದಡ ಮುಟ್ಟಿಸಿದರು. ಊರಿಗೆ ಬೆಂಕಿ ಬಿದ್ದಾಗ ನೀರು ಹೊತ್ತರು. ಮೈ ಬಗ್ಗಿಸುವುದು ಕೂಲಿಯವರ ಕೆಲಸವೆಂಬ ನಂಬಿಕೆ ಅಷ್ಟರಮಟ್ಟಿಗೆ ಸಡಿಲಿತ್ತು.

ಅವನು ಅಂಕ ಕೊಡುತ್ತಿದ್ದ ರೀತಿಯೂ ಗಮನಿಸತಕ್ಕದ್ದು. ಒಟ್ಟು ಅಂಕಗಳಲ್ಲಿ ಮೂರರಲ್ಲೊಂದು ಪಾಲು ಬುದ್ಧಿಗೆ, ಇನ್ನೊಂದು ದೇಹಕ್ಕೆ, ಮತ್ತೊಂದು ನಡತೆಗೆ. ಆಟದ ಅಂಕಗಳಲ್ಲಿ ಚೆನ್ನಾಗಿ ಆಡಿದವನಿಗಿಂತ ಧೈರ್ಯ ಮಾಡಿ ಹೆಣಗಿದವನಿಗೆ ಹೆಚ್ಚು ಬೆಲೆ. ಕ್ಷಣಗಳನ್ನೆಣಿಸುವ ಗಡಿಯಾರದಿಂದ ಕೌಶಲ್ಯವನ್ನು ಅಳೆಯುವ ನಮ್ಮ ಸ್ಪರ್ಧೆಗಳಲ್ಲಿ ಇದಕ್ಕೊಂದು ಕಲಮು ಇದ್ದರೆ ಕೆಡುಕೇನು? ಆದರೆ ಕೋಲನ್ನು ಅವನು ಅಂಕಪಟ್ಟಿಯಲ್ಲಿಯೂ ಪೂರ್ತಿ ಕೈಬಿಡಲಿಲ್ಲ: ಹದಿಮೂರು ದಾಟಿದರೂ ಈಜು ಕಲಿಯದ ಹುಡುಗನ ಶಾಲೆಯ ಫೀಜನ್ನು ಏರಿಸುತ್ತಿದ್ದ! ಮಗನ ದೇಹಕ್ಕಿಂತ ದುಡ್ಡಿನ ಮೇಲೆ ತಂದೆಗೆ ಮಮತೆ ಹೆಚ್ಚೆಂದು ಅವನು ಅರಿತಿದ್ದಿರಬೇಕು.

ಕಲ್ಕತ್ತೆಯಲ್ಲಿ ಕೋಲಿನ ಆವಶ್ಯಕತೆಯೇ ಬೀಳಲಿಲ್ಲ. ಅಲ್ಲಿ ವ್ಯವಸ್ಥಾಪಕನೇ ಒಬ್ಬ ಬಾಲಕ. ನಗೇಂದ್ರಪ್ರಸಾದ ಸರ್ವಾಧಿಕಾರಿ ಹುಟ್ಟಿದ್ದು 1869ರಲ್ಲಿ. 1877ರಲ್ಲಿ ತಾಯಿಯೊಡನೆ ಗಂಗಾಸ್ನಾನಕ್ಕೆ ಹೋಗುವಾಗ ದಾರಿಯಲ್ಲಿ ಬಿಳಿಯರ ಆಟ ಕಂಡು ಗಾಡಿಯಿಂದಿಳಿದು ನಿಂತ. ಉರುಳಿ ಬಂದ ಚೆಂಡನ್ನು ಒದ್ದು ಹಿಂದಕ್ಕೆ ಕಳಿಸಿದ ಎಂಬುದು ಬಂಗಾಳಿಗಳು ಮತ್ತೆ ಮತ್ತೆ ಹೇಳುವ ಕಥೆ. ಹೇರ್ ಶಾಲೆಯ ಗೆಳೆಯರಿಂದ ಚಂದಾ ಎತ್ತಿ ಅಂಗಡಿಯಿಂದ ಒಂದು ಚೆಂಡು ತಂದರು. ತಂದದ್ದು ರಗ್ಬಿಯ ಚೆಂಡು! ಮೊಟ್ಟೆಯಾಕಾರದ ಅದನ್ನೇ ಒದೆಯುತ್ತ ಹುಡುಗರು ಒದ್ದಾಡುತ್ತಿದ್ದುದನ್ನು ಪ್ರೆಸಿಡೆನ್ಸಿ ಕಾಲೇಜಿನ ಅಧ್ಯಾಪಕ ಸ್ಟ್ಯಾಕ್ ಎಂಬುವನು ನೋಡಿ, ಸರಿಯಾದ ಚೆಂಡು ಒದಗಿಸಿ ಆಟದ ಕ್ರಮ ಹೇಳಿಕೊಟ್ಟ. ಯಾರ ಬಲವಂತವೂ ಇಲ್ಲ. ಹುಡುಗರದೇ ದುಡ್ಡು, ಹುಡುಗರದೇ ಉತ್ಸಾಹ. ತೊಗಲಿನ ಮಾತನ್ನು ಇವರು ಎತ್ತಿದಂತೆ ಕಾಣುವುದಿಲ್ಲ.

ಆದರೆ ಮೈಲಿಗೆ ಬೇರೊಂದು ಬಾಗಿಲಿನಿಂದ ಒಳಗೆ ಬಂತು. ನಗೇಂದ್ರಪ್ರಸಾದ ಮುಂದೆ ಕಟ್ಟಿದ ಕೂಟಗಳಲ್ಲಿ ವೆಲಿಂಗ್ಟನ್ ಕ್ಲಬ್ಬು ಒಂದು. ಅದಕ್ಕೆ ಮಣಿ ದಾಸ್ ಎಂಬ ಕುಂಬಾರರ ಹುಡುಗನನ್ನು ಅವನು ಸೇರಿಸಿಕೊಳ್ಳಹೋದ. ದೊಡ್ಡ ಮನೆತನಗಳ ಸದಸ್ಯರು ಒಪ್ಪಲಿಲ್ಲ. ಸಂಧಾನ ಮಾಡಿ, ಹುಡುಗನಿಗೆ ಬುದ್ಧಿ ಹೇಳಿ ಕಳಿಸಿದ್ದರೆ ಕ್ಲಬ್ಬು ಉಳಿಯುತ್ತಿತ್ತು. ನಗೇಂದ್ರಪ್ರಸಾದ ಕ್ಲಬ್ಬನ್ನೇ ಮುಚ್ಚಿಬಿಟ್ಟ. 1880ರ ದಶಕದಲ್ಲಿ ಶೋಭಾಬಜಾರ್ ಕ್ಲಬ್ಬನ್ನು ಸ್ಥಾಪಿಸಿದಾಗ ಅದರ ಮೊದಲ ಸದಸ್ಯರಲ್ಲಿ ಮಣಿ ದಾಸ್ ಇದ್ದ. ಬಿಸ್ಕೋ ಶ್ರೀನಗರಕ್ಕೆ ಚೆಂಡು ತರುವುದಕ್ಕೆ ಕೆಲವು ವರ್ಷ ಮೊದಲೇ ಆದ ಕೆಲಸ ಇದು. ಪಾದ್ರಿಯ ಹೆಸರು ಹೇಳುವ ಎಷ್ಟೋ ಬರಹಗಳಲ್ಲಿ ಈ ಬಂಗಾಳಿ ತರುಣನ ಹೆಸರು ಬಾರದಿರುವುದು ಖೇದದ ಸಂಗತಿ.

1892ರಲ್ಲಿ ಶೋಭಾಬಜಾರ್ ತಂಡ ಟ್ರೇಡ್ಸ್ ಕಪ್ಪಿನ ಪಂದ್ಯದಲ್ಲಿ ಈಸ್ಟ್ ಸರ್ರೆ ಪಲ್ಟಣವನ್ನು ಸೋಲಿಸಿತು. 1911ರಲ್ಲಿ ಮೋಹನ್ ಬಾಗಾನ್ ಈಸ್ಟ್ ಯಾರ್ಕ್‌ಷೈರ್ ಪಲ್ಟಣವನ್ನು ಸೋಲಿಸಿ ಐ.ಎಫ್.ಎ. ಷೀಲ್ಡನ್ನು ಗೆದ್ದ ಕಥೆ ಎಲ್ಲರಿಗೂ ಗೊತ್ತಿರುವುದೇ. ಆ ಹನ್ನೊಂದು ಮಂದಿಯಲ್ಲಿ ಬೂಟು ತೊಟ್ಟವನು ಒಬ್ಬನೇ, ಸುಧೀರ್ ಚಟರ್ಜಿ. ತೊಗಲಿನ ಚೆಂಡು ಹೇಗೋ ಒಗ್ಗಿಹೋಗಿತ್ತು. ತೊಗಲಿನ ಬೂಟು ಮಾತ್ರ ಇನ್ನೂ ಬಹುಕಾಲ ಒಗ್ಗಲಿಲ್ಲ. ಇದಕ್ಕೆ ಮಡಿ ಕಾರಣವಲ್ಲ. ಬೂಟಿಗೆ ಬೆಲೆಯಿತ್ತು, ಬರಿಗಾಲಿಗೆ ಇರಲಿಲ್ಲ. ಓಣಿಯ ಹುಡುಗರು ಕಲಿತದ್ದೆಲ್ಲ ಬರಿಗಾಲಿನಲ್ಲಿ. ಚೆಂಡಿನ ಹೊರಳು ತಿಳಿಯಬೇಕಾದರೆ ಬೆರಳು ಬಯಲಾಗಿರಬೇಕೆಂದು ಅವರು ನಂಬಿದ್ದರು.

ಆ ನಂಬಿಕೆ ನಮ್ಮ ಬೆಂಗಳೂರಿನಲ್ಲಿಯೂ ಬೇರೂರಿತ್ತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಆಡಿದ ಭಾರತ ತಂಡದ ಬಹುಮಂದಿ ಬರಿಗಾಲಿನವರು. ಪಂದ್ಯವನ್ನು 2-1ರಿಂದ ಕಳೆದುಕೊಂಡೆವು. ಭಾರತದ ಆ ಒಂದು ಗೋಲು ಬೆಂಗಳೂರಿನ ರಾಮನ್ ಅವರದು. ನಾಲ್ಕು ವರ್ಷಗಳ ಅನಂತರ ಹೆಲ್ಸಿಂಕಿಯ ಚಳಿಯಲ್ಲಿ ಬರಿಗಾಲಿನ ಕೌಶಲ್ಯ ಕೈಕೊಟ್ಟಿತು. ಯುಗೋಸ್ಲಾವಿಯಾ ಹತ್ತು ಗೋಲು ಹೊಡೆಯಿತು, ನಾವು ಒಂದು. ಊರಿಗೆ ಮರಳಿದ ಮೇಲೆ ಬೂಟು ಕಡ್ಡಾಯವಾಯಿತು. ಹೆಲ್ಸಿಂಕಿಯ ಆ ಒಂದು ಗೋಲನ್ನು ಹೊಡೆದವರೂ ಬೆಂಗಳೂರಿನವರೇ, ಅಹಮದ್ ಖಾನ್.